ಅಕ್ಕೋರೇ, ಒಂದು ಪ್ರಶ್ನೆ

ಪ್ರಶ್ನೆ: ಅಕ್ಕೋರೇ, ಗೋಕರ್ಣದಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ, ಮೂರೇ ರೂಮು. ಮೊನ್ನೆ ರಾತ್ರಿ ಬಂದ ವಿದೇಶಿಯವನಿಗೆ ಊಟ ಆಯ್ತಾ ಎಂದು ಕೇಳಲು 'ಫುಡ್ ಫಿನಿಶ್ಡ್?' ಅಂದೆ. ಆತ 'ಓ, ಓಕೆ' ಎಂದವನೇ ಟಾರ್ಚು ಹಿಡಿದು ಪೇಟೆಯ ಕಡೆ ಹೊರಟುಬಿಟ್ಟ. ಅವನಿಗೆಂದೇ ಇಟ್ಟಿದ್ದ ಅನ್ನ, ಸಾರು ಹಾಗೇ ಉಳಿಯಿತು. ತಪ್ಪಿದ್ದೆಲ್ಲಿ?
– ಒಬ್ಬ ಓದುಗಿ, ಗೋಕರ್ಣ

ಉತ್ತರ: ಅವನ ಕಿವಿಗೆ ಬಿದ್ದದ್ದು 'ಊಟ ಖಾಲಿ' ಅಂತ, ತಂಗೀ. ಹಸಿದವ ಮತ್ತೆಲ್ಲಿ ನಿಲ್ಲುತ್ತಾನೆ?

'ಊಟ ಆಯ್ತಾ' ಎನ್ನುವಾಗ ಯಾರ ಊಟ ಎಂದು ನಾವು ಹೇಳುವುದೇ ಇಲ್ಲ. 'ಬಂದೆವು' ಅಂದರೆ ನಾವು, 'ಬಂದಳು' ಅಂದರೆ ಅವಳು. ಕ್ರಿಯಾಪದದ ಬಾಲ ನೋಡಿದರೆ ಸಾಕು, ಆಳು ಗೊತ್ತಾಗುತ್ತದೆ. ಇಂಗ್ಲಿಷಿನ 'ಕೇಮ್'ಗೆ ಆ ಬಾಲ ಇಲ್ಲ. ನಾನು ಬಂದರೂ ಕೇಮ್, ಊರಿಗೆ ಊರೇ ಬಂದರೂ ಕೇಮ್. ಅದಕ್ಕೇ ಅಲ್ಲಿ ಕರ್ತೃವನ್ನು ಬಾಯಿಬಿಟ್ಟು ಹೇಳಬೇಕು.

ಶಾಲೆಯಲ್ಲಿ ನಾನು ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದೆ. ಕನ್ನಡದ ವಾಕ್ಯ ನಮ್ಮ ಜಗುಲಿ ಇದ್ದ ಹಾಗೆ, ಯಾರು ಎಲ್ಲಿ ಕೂತರೂ ನಡೆಯುತ್ತದೆ. 'ಅಮ್ಮ ಮೀನಿನವಳನ್ನು ಕರೆದಳು' ಅನ್ನಿ, 'ಮೀನಿನವಳನ್ನು ಅಮ್ಮ ಕರೆದಳು' ಅನ್ನಿ, ಕರೆದವಳು ಅಮ್ಮನೇ. 'ಅನ್ನು' ಪ್ರತ್ಯಯ ಕಾವಲಿಗಿದೆ. ಇಂಗ್ಲಿಷ್ ವಾಕ್ಯ ಮಾತ್ರ ಸೀಟ್ ನಂಬರ್ ಹಾಕಿದ ಬಸ್ಸು. ಮೊದಲ ಸೀಟು ಮಾಡಿದವರದ್ದು, ಎರಡನೆಯದು ಕ್ರಿಯಾಪದದ್ದು, ಮೂರನೆಯದು ಮಾಡಿಸಿಕೊಂಡವರದ್ದು. ಸೀಟು ಅದಲುಬದಲಾದರೆ ಮೀನಿನವಳೇ ಅಮ್ಮನನ್ನು ಕರೆದಂತಾಯಿತು. ಸುಮಾರು 1000 ವರ್ಷದ ಹಿಂದೆ ಇಂಗ್ಲಿಷಿನ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು, ಪದಗಳು ಅಷ್ಟಿಷ್ಟು ಆಚೀಚೆ ಸರಿದಾಡುತ್ತಿದ್ದವು. ಪ್ರತ್ಯಯ ಸವೆದುಹೋದ ಹಾಗೆ ಸೀಟು ಬಿಗಿಯಾಯಿತು. 'ಹೀ', 'ಹಿಮ್' ಎಂಬ ಜೋಡಿಯಲ್ಲಿ ಅದರ ಗುರುತು ಇನ್ನೂ ಉಳಿದಿದೆ.

ನಿಮ್ಮ 'ಫುಡ್ ಫಿನಿಶ್ಡ್'ನಲ್ಲಿ ಮೊದಲ ಸೀಟಿಗೆ ಊಟವೇ ಹೋಗಿ ಕೂತಿದೆ. ಕೂರಬೇಕಾದವನು ಗಿರಾಕಿ: 'ಯು ಹ್ಯಾವ್ ಈಟನ್'. ಪ್ರಶ್ನೆ ಕೇಳಲು ನಾವು ಬಾಲಕ್ಕೆ ಒಂದು 'ಆ' ಅಂಟಿಸುತ್ತೇವೆ, ಅವರು 'ಹ್ಯಾವ್' ಅನ್ನು ಎದುರಿಗೆ ತರುತ್ತಾರೆ: 'ಹ್ಯಾವ್ ಯು ಈಟನ್?' ಹಾಗೆ ತರಲು ಸಹಾಯಕ ಕ್ರಿಯಾಪದ ಇಲ್ಲದಿದ್ದರೆ 'ಡು' ಬಾಡಿಗೆಗೆ ಬರುತ್ತದೆ: 'ಡು ಯು ವಾಂಟ್ ಟೀ?' ಭೂತಕಾಲದ ಹೊರೆಯನ್ನೂ ಅದೇ ಹೊರುತ್ತದೆ. ಆದ್ದರಿಂದ ಬೆಳಿಗ್ಗೆ 'ಡಿಡ್ ಯು ಸ್ಲೀಪ್ ವೆಲ್?' ಎಂದು ಕೇಳಿ, 'ಸ್ಲೆಪ್ಟ್' ಬೇಡ.

'ನನಗೆ' ಎಂದು ಶುರುವಾಗುವ ಮಾತುಗಳಲ್ಲಿ ಇನ್ನೂ ಹುಷಾರಾಗಿರಿ. ಎಂಟನೇ ತರಗತಿಯಲ್ಲಿ ನಾನು ರಜಾ ಚೀಟಿಯಲ್ಲಿ 'ಫೀವರ್ ಕೇಮ್ ಟು ಮೀ' ಎಂದು ಬರೆದಿದ್ದೆ. 'ಬಂದ ಜ್ವರಕ್ಕೆ ಚಾ ಕೊಟ್ಟೆಯೇನೇ?' ಎಂದರು ನಮ್ಮ ಮಾಸ್ತರ್ರು. ಕ್ಲಾಸೆಲ್ಲ ನಕ್ಕಿತು. ಅಲ್ಲೂ ಮೊದಲ ಸೀಟು ನನ್ನದೇ ಆಗಬೇಕಿತ್ತು: 'ಐ ಹ್ಯಾಡ್ ಎ ಫೀವರ್'. ಹಸಿವಾದರೂ ಅಷ್ಟೇ, 'ಐ ಆಮ್ ಹಂಗ್ರಿ'.

ಪ್ರಶ್ನೆ: 'ಇಟ್ ಈಸ್ ರೇನಿಂಗ್' ಅಂತಾರಲ್ಲ, ಆ 'ಇಟ್' ಯಾರು? ಆಕಾಶವೇ, ಮೋಡವೇ?
– ಒಬ್ಬ ಓದುಗ, ಕೋಡಿಬಾಗ, ಕಾರವಾರ

ಉತ್ತರ: ಯಾರೂ ಅಲ್ಲ. ಸಿರ್ಸಿ–ಕುಮಟಾ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುತ್ತೇವಲ್ಲ, ಆ ಟವೆಲ್ ಅದು! ನಮ್ಮಲ್ಲಿ ಮಳೆ ತಾನೇ 'ಬರುತ್ತದೆ'. ನಿಮ್ಮ ಕಡೆಯ ಕೊಂಕಣಿಯಲ್ಲೂ 'ಪಾವ್ಸ್ ಪಡ್ತಾ', ಅಂದರೆ ಮಳೆಯೇ ಬೀಳುತ್ತದೆ. ಇಂಗ್ಲಿಷಿನವರು ಮಳೆಯನ್ನು ಕ್ರಿಯಾಪದ ಮಾಡಿ ಎರಡನೇ ಸೀಟಿಗೆ ಕಳಿಸಿದರು, ಮೊದಲನೆಯದು ಖಾಲಿಯಾಯಿತು. ಖಾಲಿ ಬಿಡುವ ಹಾಗಿಲ್ಲ, ಟವೆಲ್ ಹಾಸಿದರು. ಗಂಟೆ ಹೇಳುವಾಗ, ಸೆಕೆಯಾದಾಗ ಹಾಸುವುದೂ ಇದನ್ನೇ: 'ಇಟ್ ಈಸ್ ಟೆನ್', 'ಇಟ್ ಈಸ್ ಹಾಟ್'. 'ದೇರ್' ಎಂಬ ಇನ್ನೊಂದು ಟವೆಲ್ಲೂ ಉಂಟು. ಬಚ್ಚಲಲ್ಲಿ ಹಾವು ಕಂಡರೆ 'ದೇರ್ ಈಸ್ ಎ ಸ್ನೇಕ್ ಇನ್ ದಿ ಬಾತ್‌ರೂಮ್'. ಗೋಕರ್ಣದ ತಂಗಿ ಇದನ್ನೂ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: 'ಆ್ಯನ್ ಅಂಬ್ರೆಲಾ' ಸರಿಯಾದರೆ 'ಆ್ಯನ್ ಯುನಿವರ್ಸಿಟಿ' ಯಾಕೆ ತಪ್ಪು? ಎರಡಕ್ಕೂ ಮೊದಲ ಅಕ್ಷರ 'ಯು' ತಾನೇ?
– ಪಿಯು ವಿದ್ಯಾರ್ಥಿನಿ, ಸಿರ್ಸಿ

ಉತ್ತರ: ಇಂಗ್ಲಿಷ್ ಸ್ಪೆಲ್ಲಿಂಗ್ ಬಿಡು, ಕನ್ನಡದಲ್ಲಿ ಬರೆದು ನೋಡು ಮಗಾ. 'ಅಂಬ್ರೆಲಾ' ಸ್ವರದಿಂದ ಶುರು, 'ಆ್ಯನ್'. 'ಯುನಿವರ್ಸಿಟಿ' ಯಕಾರದಿಂದ ಶುರು, ಅದು ವ್ಯಂಜನ, 'ಎ' ಸಾಕು. ಗಂಟೆಗೆ 'ಅವರ್' ಅಂತೀವಿ, ಅಲ್ಲೂ 'ಆ್ಯನ್'. ಈ ಉಪಾಯ ಕೈಕೊಡುವುದು ಮೊಟ್ಟೆಯನ್ನು 'ಯೆಗ್' ಅನ್ನುವವರಿಗೆ ಮಾತ್ರ.