ಪ್ರತಿಕ್ರಿಯೆ: ಕೆಲಸ ಹೋದ ಮೇಲೆ ಪ್ರಾರ್ಥಿಸಿದರೂ ಸಂತೋಷ ಬರುತ್ತಿಲ್ಲ

ಕೆಲಸ ಹೋದದ್ದಕ್ಕಿಂತ ‘ವಿಶ್ವಾಸಿ ಅಳಬಾರದು’ ಎಂಬ ಒತ್ತಡವೇ ನಿಮ್ಮನ್ನು ಜಾಸ್ತಿ ಕುಗ್ಗಿಸುತ್ತಿರಬಹುದು. ಬೈಬಲಿನಲ್ಲಿ, ಯಾವಾಗಲೂ ಸಂತೋಷಿಸಿರಿ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರ ಬರೆದಾಗ ಯೇಸುವಿನ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಅದೇ ಪತ್ರದಲ್ಲಿ, ಗೆಳೆಯ ಎಪಫ್ರೊದೀತ ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂದೂ ಹೇಳುತ್ತಾನೆ (ಅಧ್ಯಾಯ 2, ವಚನ 27). ಸುಮ್ನೆ ನಗುಮುಖ ಹಾಕಿಕೊಂಡವನಲ್ಲ.

ಮೊದಲು ಬೈಬಲಿನ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಬರೀ 6 ವಚನ. ದೂರಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ನಿಮ್ಮ ದೂರನ್ನೂ ಹಾಗೇ ಹೇಳಿ, ನಯ ಮಾಡಬೇಡಿ. ಆಮೇಲೆ ನಿಮ್ಮ ಚರ್ಚಿನಲ್ಲಿ ಒಬ್ಬರ ಹತ್ತಿರ ಮಾತಾಡಿ. ಉಪದೇಶ ಶುರುಮಾಡದವರನ್ನೇ ಆರಿಸಿ!

ಸಂತೋಷ ಯಾವಾಗ ಮರಳುತ್ತದೆ ಎಂದು ಯಾರೂ ಹೇಳಲಾರರು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ ಅಲ್ವಾ? ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನೂ ನೋಡಿ.