ಒಂದಕ್ಕೊಂದು ಬೆಸೆದ ಸೂಪರ್‌ಹೀರೋ ಚಿತ್ರಗಳು ಮೊದಲು ಹಿಡಿಸಿ, ಆಮೇಲೆ ಯಾಕೆ ದಣಿಸುತ್ತವೆ?

ಎರಡಕ್ಕೂ ಮುಖ್ಯ ಕಾರಣ ಒಂದೇ: ಹಿಂದಿನ ಚಿತ್ರಗಳ ನೆನಪು. ನೋಡುವವರಲ್ಲಿ ಅದಿದ್ದರೆ ಬಂಡವಾಳ, ಇಲ್ಲದಿದ್ದರೆ ಅಡ್ಡಿ.

ನಮ್ಮ ಕೊಡಗಿನ ಐನ್‌ಮನೆಯನ್ನೇ, ಅಂದರೆ ಕುಲದ ಮೂಲಮನೆಯನ್ನೇ ನೋಡಿ. ಸುಗ್ಗಿಯ ಹಬ್ಬ ಹುತ್ತರಿಗೆ ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ ಸೇರಿದಾಗ ಬಾಗಿಲಲ್ಲಿ ಒಬ್ಬರು ಕಾಣಿಸಿಕೊಂಡರೆ ಸಾಕು, ಪರಿಚಯ ಹೇಳದೆಯೇ ಮನಸ್ಸು ಅರಳುತ್ತದೆ. 2008ರ ‘ಐರನ್ ಮ್ಯಾನ್’ನಿಂದ ಅಮೆರಿಕದ ಚಿತ್ರಸಂಸ್ಥೆ ಮಾರ್ವೆಲ್ ಕಟ್ಟುತ್ತ ಬಂದದ್ದು ಇಂಥದ್ದೇ ಬಳಗ. 2019ರ ‘ಎಂಡ್‌ಗೇಮ್’ ಅದರ 22ನೇ ಚಿತ್ರ. ಅಲ್ಲಿ ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಸಾಯುವಾಗ ಕಣ್ಣು ತುಂಬುವುದು ಆ ದೃಶ್ಯವೊಂದರಿಂದಲ್ಲ, 11 ವರ್ಷಗಳ ಒಡನಾಟದಿಂದ. ಬಿಡಿ ಚಿತ್ರಕ್ಕೆ ಆ ಭಾಗ್ಯವಿಲ್ಲ.

ಆದರೆ ಅದೇ ಮನೆಗೆ ಹೊಸದಾಗಿ ಬಂದ ನೆಂಟರು? ಯಾರು ಯಾರ ಮಗ ಎಂದು ಕೇಳುವುದರಲ್ಲೇ ಊಟ ಮುಗಿದಿರುತ್ತದೆ. 2022ರ ‘ಡಾಕ್ಟರ್ ಸ್ಟ್ರೇಂಜ್ ಇನ್ ದಿ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್’ ಚಿತ್ರದಲ್ಲಿ ವಾಂಡಾ ಎಂಬ ಪಾತ್ರದ ಸಂಕಟ ಪೂರ್ತಿ ತಟ್ಟಬೇಕಾದರೆ ‘ವಾಂಡಾವಿಷನ್’ ಸರಣಿಯ 9 ಕಂತು ನೋಡಿರಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮೂರಲ್ಲಿ ಇದು ಸಣ್ಣ ಹೊರೆಯಲ್ಲ. ಜೊತೆಗೆ, ಮುಂದಿನ ಚಿತ್ರಕ್ಕೆ ನಾಯಕ ಬೇಕೇ ಬೇಕು ಎಂದು ಗೊತ್ತಿರುವಾಗ ಅವನಿಗೆ ಬರುವ ಅಪಾಯ ನಿಜವೆನಿಸುವುದಿಲ್ಲ.

ಹೊಸಬರಾಗಿದ್ದರೆ 2014ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯಿಂದ ಶುರುಮಾಡಿ. ಹಿಂದಿನದೇನೂ ನೋಡಿರದಿದ್ದರೂ ಅದು ಹಿಡಿಸುತ್ತದೆ.