ಶ್ರೂಸ್‌ಬರಿ ಅಂದ್ರೆ ಬರೀ ಬಿಸ್ಕತ್ತಲ್ಲ

ಇಂಗ್ಲೆಂಡಿನ ಸಣ್ಣ ಊರುಗಳ ಬಗ್ಗೆ ಕೇಳಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಸುಮಾರು ಅರ್ಧ ಒಂದೇ ಊರಿನ ಸುತ್ತ ಇದ್ದವು. ಹಾಗಾಗಿ ಈ ಸಲದ ಪುಟ ಪೂರ್ತಿ ಶ್ರೂಸ್‌ಬರಿಗೆ.

ಪ್ರಶ್ನೆ: ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಅವನಿಗೆ ರಜೆ ಇಲ್ಲ, "ನೀವೇ ರೈಲು ಹತ್ತಿ ಶ್ರೂಸ್‌ಬರಿ ನೋಡ್ಕೊಂಡು ಬನ್ನಿ" ಅಂತಾನೆ. ಅಲ್ಲಿ ಅಂಥದ್ದೇನಿದೆ? ನಮ್ಮನೆಯವರಿಗೆ ಮಂಡಿನೋವು ಬೇರೆ. (ದಾವಣಗೆರೆ)

ಉತ್ತರ: ಮಗ ಒಳ್ಳೇ ಊರನ್ನೇ ಹೇಳಿದ್ದಾರೆ. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಸೆವರ್ನ್ ನದಿ ಊರನ್ನು ಕುದುರೆ ಲಾಳದ ಹಾಗೆ ಸುತ್ತಿಕೊಂಡಿದೆ. ಒಂದು ಕಡೆ ಮಾತ್ರ ನೆಲ, ಆ ಕಡೆ ಕಾವಲಿಗೆ ಕೆಂಪು ಕಲ್ಲಿನ ಕೋಟೆ, ಕೋಟೆಯ ಬುಡದಲ್ಲೇ ರೈಲ್ವೆ ಸ್ಟೇಷನ್. ಇಳಿದು ತಲೆ ಎತ್ತಿದರೆ ಕೋಟೆ ಕಾಣುತ್ತದೆ. ಸ್ಟೇಷನ್ನಿಂದ ಮೇಲಕ್ಕೆ ಒಂದು ಸಣ್ಣ ಏರು ಇದೆ, ಅದೊಂದು ಹತ್ತಿಬಿಟ್ಟರೆ ಮುಂದೆ ಅಷ್ಟು ಕಷ್ಟವಿಲ್ಲ. ವೈಲ್ ಕಾಪ್ ಅನ್ನೋ ಇಳಿಜಾರು ಬೀದಿಗೆ ಮಾತ್ರ ಮಂಡಿನೋವು ಇಟ್ಟುಕೊಂಡು ಹೋಗಬೇಡಿ. ಇಳಿಯೋದು ಸುಲಭ, ಹತ್ತೋವಾಗ ಗೊತ್ತಾಗುತ್ತೆ.

ಇದು ಹಳೇ ಪೇಟೆ ಊರು. ನಮ್ಮ ಬೆಂಗಳೂರಲ್ಲಿ ಅಕ್ಕಿಪೇಟೆ, ಬಳೇಪೇಟೆ ಇಲ್ವಾ, ಹಾಗೇ ಇಲ್ಲಿ ಫಿಶ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಬುಚರ್ ರೋ. ಮರದ ಚೌಕಟ್ಟಿನ ಕಪ್ಪು ಬಿಳುಪು ಮನೆಗಳು ಮಹಡಿಯಿಂದ ಮಹಡಿಗೆ ಬೀದಿಯ ಕಡೆ ಮುಂದಕ್ಕೆ ಬಾಗಿಕೊಂಡಿವೆ, ಕೆಲವಂತೂ ಇನ್ನೇನು ಎದುರುಮನೆಗೆ ತಲೆ ತಾಗಿಸುತ್ತವೆ ಅನ್ನೋ ಹಾಗೆ. ಅವುಗಳ ನಡುವೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕಾದಂಥ ಸಂದಿಗಳು. ಅವಕ್ಕೆ ಅಲ್ಲಿಯವರು 'ಶಟ್' ಅಂತಾರೆ. ಹೆಸರು ಕೇಳಿ ಮುಚ್ಚಿದೆ ಅಂದುಕೊಳ್ಳಬೇಡಿ, ಈ ಬೀದಿಯಿಂದ ಆ ಬೀದಿಗೆ ದಾಟೋ ಅಡ್ಡದಾರಿ ಅದು. ಮ್ಯಾಪ್ ಜೇಬಿಗೆ ಹಾಕಿ ಸುಮ್ನೆ ನುಗ್ಗಿ. ಸುತ್ತ ನದಿ ಇರೋದ್ರಿಂದ ಎಲ್ಲೂ ಕಳೆದುಹೋಗಲ್ಲ.

ಚೌಕದ ನಡುವೆ ಇರೋದು 1596ರ ಹಳೇ ಮಾರುಕಟ್ಟೆ ಕಟ್ಟಡ. ಕೆಳಗೆ ಕಂಬಗಳ ನಡುವೆ ಧಾನ್ಯದ ವ್ಯಾಪಾರ, ಮೇಲೆ ವೇಲ್ಸ್‌ನಿಂದ ಬಂದ ಉಣ್ಣೆ ಬಟ್ಟೆಯ ವ್ಯಾಪಾರ ನಡೆಯುತ್ತಿತ್ತು. ಈಗ ಮಹಡಿಯಲ್ಲಿ ಪುಟ್ಟ ಸಿನಿಮಾ ಮಂದಿರ, ಕೆಫೆ. ಈಗಿನ ಸಂತೆ ಬೇಕಾದರೆ 1965ರ ಮಾರ್ಕೆಟ್ ಹಾಲ್‌ಗೆ ಹೋಗಿ. ಹೊರಗಿಂದ ಚೆನ್ನಾಗಿಲ್ಲ, ನಿಜ ಹೇಳ್ತೀನಿ, ಗಡಿಯಾರದ ಗೋಪುರ ಅಂಟಿಸಿದ ಸರ್ಕಾರಿ ಕಚೇರಿ ಥರ ಇದೆ. ಒಳಗೆ ಕಥೆಯೇ ಬೇರೆ. ಹಣ್ಣು, ಚೀಸ್, ಹಳೇ ಪುಸ್ತಕ, ಊಟದ ಮಳಿಗೆಗಳು. ಬ್ರಿಟನ್ನಿನ ಅಚ್ಚುಮೆಚ್ಚಿನ ಮಾರುಕಟ್ಟೆ ಅಂತ ಒಂದಕ್ಕಿಂತ ಹೆಚ್ಚು ಸಲ ಆರಿಸಿದ್ದಾರೆ. ಶುಕ್ರವಾರ ಅಥವಾ ಶನಿವಾರ ಹೋಗಿ, ಭಾನುವಾರ ಬೇಡ.

ಸುಸ್ತಾದರೆ ಕ್ವಾರಿ ಪಾರ್ಕ್. ಹಿಂದೆ ಕಲ್ಲು ತೆಗೆದ ಜಾಗ, ಈಗ ನದಿದಂಡೆಯ 29 ಎಕರೆ ಹುಲ್ಲು. ನಡುವಿನ ತಗ್ಗಿನಲ್ಲಿ 'ಡಿಂಗಲ್' ಅನ್ನೋ ಹೂದೋಟವಿದೆ. ಟಿವಿಯಲ್ಲಿ ತೋಟಗಾರಿಕೆ ಹೇಳಿಕೊಟ್ಟು ಮನೆಮಾತಾದ ಪರ್ಸಿ ಥ್ರೋವರ್ ಇದೇ ಊರಿನ ಪಾರ್ಕುಗಳ ಮೇಲ್ವಿಚಾರಕರಾಗಿದ್ದವರು. ಜೂನ್ ಅಂದ್ರೆ ಹೂವಿನ ಕಾಲವೇ. ಮಂಡಿಗೆ ಇನ್ನೂ ಆರಾಮ ಬೇಕಂದ್ರೆ 'ಸಬ್ರಿನಾ' ದೋಣಿ ಇದೆ, ಕೂತಲ್ಲೇ ನದಿಯ ತಿರುವನ್ನು ತೋರಿಸಿಕೊಂಡು ಬರುತ್ತದೆ.

ಪ್ರಶ್ನೆ: ಪುಣೆಯಿಂದ ಬರೋರೆಲ್ಲ ತರೋ ಶ್ರೂಸ್‌ಬರಿ ಬಿಸ್ಕತ್ತಿಗೂ ಈ ಊರಿಗೂ ಸಂಬಂಧ ಇದೆಯಾ? ಊರಿನ ಹೆಸರನ್ನು ಹೇಳೋದು ಹೇಗೆ? (ಬೆಳಗಾವಿ)

ಉತ್ತರ: ಇದೆ. ಶ್ರೂಸ್‌ಬರಿ ಕೇಕ್ ಅಂತ ಬೆಣ್ಣೆ ಹಾಕಿದ, ಬಾಯಲ್ಲಿಟ್ಟರೆ ಪುಡಿಯಾಗೋ ಬಿಸ್ಕತ್ತು ಈ ಊರಿನದ್ದು. 1700ರ ಒಂದು ಇಂಗ್ಲಿಷ್ ನಾಟಕದಲ್ಲೇ ಅದರ ಮಾತು ಬರುತ್ತದೆ, ಅಂದ್ರೆ ಆಗಲೇ ಹೆಸರುವಾಸಿ. ತಮಾಷೆ ಏನಂದ್ರೆ ಪುಣೆಯಲ್ಲಿ ಅದಕ್ಕೆ ಬೆಳಗ್ಗೆ ಕ್ಯೂ ನಿಲ್ಲುತ್ತಾರೆ, ಇಲ್ಲಿ ಮಾತ್ರ ಹುಡುಕಿಕೊಂಡು ಹೋಗಬೇಕು. ಮೊಟ್ಟೆ ತಿನ್ನದವರು ಕೇಳಿ ತಗೊಳ್ಳಿ, ಹಳೇ ಪಾಕಗಳಲ್ಲಿ ಸಾಮಾನ್ಯವಾಗಿ ಇರುತ್ತೆ. ಹೆಸರಿನ ಜಗಳ ಊರವರದ್ದೇ, ಕೆಲವರು ಶ್ರೂಸ್‌ಬರಿ, ಕೆಲವರು ಶ್ರೋಸ್‌ಬರಿ. ಯಾವುದಂದರೂ ಯಾರೋ ಒಬ್ಬರು ತಿದ್ದುತ್ತಾರೆ.

ಪ್ರಶ್ನೆ: ಆ ಊರಿನ ಚೌಕದಲ್ಲಿ ರಾಬರ್ಟ್ ಕ್ಲೈವ್‌ನ ಪ್ರತಿಮೆ ಇದೆಯಂತೆ. ಹತ್ತಿರದಲ್ಲೇ ಎಲ್ಲೋ ಟಿಪ್ಪುವಿನ ಡೇರೆಯೂ ಇದೆಯಂತೆ. ಕ್ಲೈವ್ ಶ್ರೀರಂಗಪಟ್ಟಣದಿಂದ ಕೊಂಡೊಯ್ದಿದ್ದಾ? (ಮಂಡ್ಯ)

ಉತ್ತರ: ಪ್ರತಿಮೆಯೂ ನಿಜ, ಡೇರೆಯೂ ನಿಜ. ನಡುವಿನ ಕೊಂಡಿ ಮಾತ್ರ ನೀವಂದುಕೊಂಡಂತಿಲ್ಲ.

ಪ್ಲಾಸಿಯ ಕ್ಲೈವ್ ಈ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿ ಹೋದವನು, 1762ರಲ್ಲಿ ಮೇಯರ್ ಕೂಡ ಆಗಿದ್ದ. ಸತ್ತಿದ್ದು 1774ರಲ್ಲಿ. ಆಗ ನಮ್ಮ ಮೈಸೂರಿನಲ್ಲಿ ಇನ್ನೂ ಹೈದರಾಲಿಯ ಕಾಲ. ಪ್ರತಿಮೆ ಬಂದಿದ್ದು 1860ರಲ್ಲಿ. 2020ರಲ್ಲಿ ಅದನ್ನು ತೆಗೆಯಿರಿ ಅಂತ ಸಾವಿರಾರು ಜನ ಸಹಿ ಹಾಕಿದರು, ಕೌನ್ಸಿಲ್ ಒಪ್ಪಲಿಲ್ಲ.

ನಮ್ಮ ಕಥೆಗೆ ಬೇಕಾದವನು ಅವನ ಮಗ ಎಡ್ವರ್ಡ್ ಕ್ಲೈವ್. 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಖುರ್ಚಿಯಲ್ಲಿ ಇದ್ದವನು ಇವನೇ. ಹೆಂಡತಿ ಹೆನ್ರಿಯೆಟ್ಟಾ ಶ್ರೂಸ್‌ಬರಿ ಹತ್ತಿರದ ವೆಲ್ಷ್‌ಪೂಲ್‌ನಲ್ಲಿರೋ ಪೋವಿಸ್ ಕೋಟೆಯ ಮನೆತನದವಳು. 1800ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿ ಬಂದಳು. ಯುದ್ಧ ಮುಗಿದು ಒಂದು ವರ್ಷವಷ್ಟೇ ಆಗಿತ್ತು. ಹೀಗೆ ನಮ್ಮ ಕಡೆಯ ವಸ್ತುಗಳು ಪೋವಿಸ್ ಕೋಟೆ ಸೇರಿದವು. ಅಲ್ಲಿ ಈಗ ಕ್ಲೈವ್ ಸಂಗ್ರಹಾಲಯ ಅಂತಲೇ ಇದೆ.

ಡೇರೆ ಹೂಕುಂಡಗಳ ಚಿತ್ರವಿರೋ ಹತ್ತಿ ಬಟ್ಟೆಯದ್ದು, ಚೀಟಿ ಬಟ್ಟೆ ಅಂತೀವಲ್ಲ ಅದು. ದೊರೆ ಕೂತ ಡೇರೆಯನ್ನು ಆಮೇಲೆ ಕೋಟೆಯ ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡಿಕೊಂಡಿದ್ದರು. ಇದನ್ನು ಓದಿಕೊಂಡು ಹೋಗಿ ಆ ಬಟ್ಟೆಯ ಮುಂದೆ ನಿಂತರೆ ಸ್ವಲ್ಪ ಹೊತ್ತು ಮಾತು ಬರಲ್ಲ. ಸಿಂಹಾಸನದಿಂದ ಕಿತ್ತ ಚಿನ್ನದ ಹುಲಿಮುಖವೂ ಇಲ್ಲೇ ಇದೆ. ಮುಷ್ಟಿಯಲ್ಲಿ ಹಿಡಿಯುವಷ್ಟು, ಮೈತುಂಬಾ ಹರಳು. ಸಿಂಹಾಸನವನ್ನು ಒಡೆದು ಹಂಚಿದ್ದರಿಂದ ಹೀಗೆ ತುಂಡುಗಳಾಗಿ ನೋಡಬೇಕು. ಸೈನಿಕನ ಮೇಲೆ ಎರಗಿದ ಮರದ ಹುಲಿ ಬೇರೆ, ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ನೋಡೋಕೆ ಎಲ್ಲರೂ ಹೋಗ್ತಾರೆ, ಇಲ್ಲಿಗೆ ಬರೋ ಕನ್ನಡಿಗರು ಕಡಿಮೆ. ನನ್ನ ಪ್ರಕಾರ ಶ್ರೂಸ್‌ಬರಿಗೆ ಒಂದು ರಾತ್ರಿ ಉಳಿಯೋ ಹಾಗೆ ಹೋಗಬೇಕು ಅನ್ನೋಕೆ ಇದೊಂದೇ ಕಾರಣ ಸಾಕು.

ಹೋಗೋದು ಹೀಗೆ: ಶ್ರೂಸ್‌ಬರಿಯಿಂದ ವೆಲ್ಷ್‌ಪೂಲ್‌ಗೆ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ರೈಲು ಕಡಿಮೆ, ವಾಪಸ್ ಬರೋ ಟೈಮು ಮೊದಲೇ ನೋಡಿಕೊಳ್ಳಿ. ಸ್ಟೇಷನ್ನಿಂದ ಕೋಟೆಗೆ ಏರುದಾರಿ, ಟ್ಯಾಕ್ಸಿ ಮಾಡಿ. ಅದು ವೇಲ್ಸ್, ಆದರೆ ಬ್ರಿಟನ್ ವೀಸಾ ಒಂದೇ ಸಾಕು.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಡಾರ್ವಿನ್ ಹುಟ್ಟಿದ ಊರಲ್ಲಿ ಏನನ್ನು ತಪ್ಪಿಸಿಕೊಳ್ಳಬಾರದು? (ಶಿವಮೊಗ್ಗ)

ಉತ್ತರ: ಮೇಷ್ಟ್ರೇ, ಎಲ್ಲರೂ ಲೈಬ್ರರಿ ಮುಂದಿನ ಡಾರ್ವಿನ್ ಪ್ರತಿಮೆ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆ ಲೈಬ್ರರಿಯೇ ಆತ ಓದಿದ ಶಾಲೆ. ಓದಿದ ಅಂದೆ, ಆ ಪಾಠಗಳು ಅವನಿಗೆ ಹಿಡಿಸುತ್ತಿರಲಿಲ್ಲ. ಆದರೆ ನಿಮ್ಮಂಥವರು ನೋಡಬೇಕಾದ್ದು ಬೆಲ್‌ಸ್ಟೋನ್. ಪೇಟೆಯೊಳಗೆ ಒಂದು ಅಂಗಳದಲ್ಲಿ ಬಿದ್ದಿರೋ ಬಂಡೆ, ನೋಡೋಕೆ ಏನೂ ಇಲ್ಲ. ಅಂಥ ಕಲ್ಲು ಆ ಸುತ್ತಮುತ್ತ ಎಲ್ಲೂ ಸಿಗಲ್ಲ. ಊರಿನ ಹಿರಿಯರೊಬ್ಬರು ಹುಡುಗ ಡಾರ್ವಿನ್‌ಗೆ ಅದನ್ನು ತೋರಿಸಿ, ಇದು ಇಲ್ಲಿಗೆ ಹೇಗೆ ಬಂತು ಅಂತ ಪ್ರಪಂಚ ಮುಗಿಯೋವರೆಗೂ ಯಾರೂ ಹೇಳಲಾರರು ಅಂದಿದ್ದರಂತೆ. ಹಿಮನದಿಗಳು ಬಂಡೆಗಳನ್ನು ಹೊತ್ತು ತರುತ್ತವೆ ಅನ್ನೋದು ಮುಂದೆ ಗೊತ್ತಾಯಿತು. ತೇಲುವ ಹಿಮಗಡ್ಡೆಗಳು (ಐಸ್‌ಬರ್ಗ್) ಬಂಡೆಗಳನ್ನು ಸಾಗಿಸುತ್ತವೆ ಅಂತ ಮೊದಲ ಸಲ ಓದಿದಾಗ ಆದ ಖುಷಿಯನ್ನು ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಊರಾಚೆ ಸ್ವಲ್ಪ ದೂರದಲ್ಲಿ 1797ರ ಫ್ಲ್ಯಾಕ್ಸ್‌ಮಿಲ್ ಇದೆ, ನಾರಿನ ಗಿರಣಿ. ಬೆಂಕಿಯ ಭಯಕ್ಕೆ ಮರ ಬಿಟ್ಟು ಕಬ್ಬಿಣದ ಕಂಬ ತೊಲೆಗಳಲ್ಲಿ ಕಟ್ಟಿದ ಜಗತ್ತಿನ ಮೊದಲ ಕಟ್ಟಡ ಅದು. ಈಗಿನ ಗಗನಚುಂಬಿಗಳಿಗೆಲ್ಲ ತಾತ ಅಂತ ಅದನ್ನು ಕರೀತಾರೆ.

ಪ್ರಶ್ನೆ: ನಾವು ಕವೆಂಟ್ರಿಯಲ್ಲಿದ್ದೇವೆ, ಕಾರಿದೆ, ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳು. ಚರ್ಚು, ಮ್ಯೂಸಿಯಂ ಅಂದ್ರೆ ಮುಖ ತಿರುಗಿಸ್ತಾರೆ. ನಾವು ಶಾಕಾಹಾರಿಗಳು.

ಉತ್ತರ: ಸೇಂಟ್ ಮೇರೀಸ್ ಚರ್ಚಿನ ಕಥೆ ಹೇಳಿ ನೋಡಿ, ಮಕ್ಕಳು ಬರ್ತಾರೆ. 1739ರಲ್ಲಿ ರಾಬರ್ಟ್ ಕ್ಯಾಡ್‌ಮನ್ ಅನ್ನೋನು ಅದರ ಶಿಖರದಿಂದ ನದಿಯಾಚೆಗೆ ಹಗ್ಗ ಕಟ್ಟಿ ಜಾರೋಕೆ ಹೋದ. ಥೇಟ್ ದೊಂಬರಾಟ. ಹಗ್ಗ ತುಂಡಾಗಿ ಸತ್ತ. ಗೋಡೆಯಲ್ಲಿ ಫಲಕ ಇದೆ.

ಕಾರಿದ್ದರೆ ಐರನ್‌ಬ್ರಿಡ್ಜ್‌ಗೆ ಹೋಗಿ, ರೈಲಿಲ್ಲದ ಊರದು. 1779ರಲ್ಲಿ ಎತ್ತಿ ನಿಲ್ಲಿಸಿದ ಎರಕದ ಕಬ್ಬಿಣದ ಸೇತುವೆ, ಅದಕ್ಕೂ ಮೊದಲು ಅಷ್ಟು ದೊಡ್ಡದನ್ನು ಯಾರೂ ಕಬ್ಬಿಣದಲ್ಲಿ ಕಟ್ಟಿರಲಿಲ್ಲ. ಸ್ಕ್ರೂ, ಬೋಲ್ಟ್ ಬದಲು ಬಡಗಿಗಳು ಮರ ಜೋಡಿಸೋ ಹಾಗೆ ಕೊರೆದು ಸಿಕ್ಕಿಸಿದ್ದಾರೆ, ಮಕ್ಕಳಿಗೆ ಆ ಕೀಲುಗಳನ್ನು ಹುಡುಕೋಕೆ ಹೇಳಿ. ಬರೀ ಓಡಾಡಿಸಬೇಕು ಅಂದ್ರೆ ಚರ್ಚ್ ಸ್ಟ್ರೆಟನ್ ಹತ್ತಿರದ ಕಾರ್ಡಿಂಗ್ ಮಿಲ್ ಕಣಿವೆ ಸಾಕು. ತೊರೆ, ಕುರಿ, ಗುಡ್ಡ. ಬದಲಿ ಕಾಲುಚೀಲ ಮರೀಬೇಡಿ, ನೀರಿಗಿಳಿಯದೆ ಇರಲ್ಲ. ರಾಕ್ಸೆಟರ್‌ನಲ್ಲಿ ರೋಮನ್ನರ ಊರಿನ ಅವಶೇಷ ಇದೆ, ನನಗಿಷ್ಟ, ನಿಮ್ಮ ಮಕ್ಕಳಿಗೆ ಕಲ್ಲುರಾಶಿ ಅನ್ನಿಸಬಹುದು.

ಊಟಕ್ಕೆ ಮಾರ್ಕೆಟ್ ಹಾಲ್ ಒಳ್ಳೇದು, ಆದರೆ ಮಧ್ಯಾಹ್ನದೊಳಗೆ ಮುಗಿಸಿ. ಚಿಪ್ಸ್ ತಗೊಳ್ಳೋ ಮುಂಚೆ ಯಾವುದರಲ್ಲಿ ಕರೀತಾರೆ ಅಂತ ಕೇಳಿ, ಕೆಲವು ಅಂಗಡಿಗಳಲ್ಲಿ ದನದ ಕೊಬ್ಬು ಬಳಸ್ತಾರೆ. ಕೇಳಿದರೆ ಬೇಜಾರಿಲ್ಲದೆ ಹೇಳ್ತಾರೆ. ಸಂಜೆ ಐದಾದರೆ ಅಂಗಡಿಗಳು ಬಾಗಿಲು ಎಳೆಯೋಕೆ ಶುರು, ಮೊಸರನ್ನದ ಡಬ್ಬಿ ಕಾರಲ್ಲೇ ಇರಲಿ.